ಚುಕ್ಕೆ ಬೀಳದ ದಾಖಲೆ

ನಲವತ್ತಾರು ಪುಟ ಓದಿ ಮುಗಿಸಿದಾಗ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ನಾನು ಗಟ್ಟಿಯಾಗಿ ಓದುವವಳು. ಇಮಾಮಸಾಬ್ ಕಾಕಾ ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುವವರು. ಯಾವುದಾದರೂ ವಾಕ್ಯಕ್ಕೆ ಅವರ ಮನಸ್ಸು ತಡವರಿಸಿದರೆ ಕೈ ಎತ್ತಬೇಕು. ಗೋಡೆಯ ಕ್ಯಾಮೆರಾ ಅದನ್ನು ನೋಡಿ ಆ ವಾಕ್ಯದ ಅಂಚಿಗೆ ಕೆಂಪು ಚುಕ್ಕೆ ಇಡುತ್ತದೆ. ಚುಕ್ಕೆ ಬಿದ್ದ ವಾಕ್ಯವನ್ನು, ದಾಖಲೆ ಬರೆದ ಕಂಪ್ಯೂಟರ್ ಏಜೆಂಟು ಬಿಡಿಸಿ ಹೇಳಬೇಕು. ಅದು ಹೇಳಿದ್ದು ದಾಖಲೆಗೆ ಸೇರುತ್ತದೆ. ಮಳಲಗಟ್ಟಿ ಬ್ಯಾರೇಜಿನ ಓದುಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ನಡೆದುಬಂದ ಪದ್ಧತಿ ಇದು.

ಬ್ಯಾರೇಜಿನ ಇಪ್ಪತ್ತೆಂಟು ಗೇಟುಗಳನ್ನು ಏರಿಸಿ ಇಳಿಸುವ ಪ್ರೋಗ್ರಾಮುಗಳನ್ನು ಈಗ ಮನುಷ್ಯರು ಬರೆಯುವುದಿಲ್ಲ. ಏಜೆಂಟುಗಳು ಬರೆಯುತ್ತವೆ, ಒಂದು ಬರೆದದ್ದನ್ನು ಇನ್ನೊಂದು ಪರೀಕ್ಷಿಸುತ್ತದೆ. ಅವು ಒಂದು ದಿನ ಬರೆಯುವ ಕೋಡನ್ನು ಓದಲು ನಮ್ಮಂಥವರಿಗೆ ಒಂದು ಆಯುಷ್ಯ ಸಾಲದು. ಅದಕ್ಕಾಗಿ ಸರಕಾರ ಒಂದು ನಿಯಮ ಮಾಡಿತು. ಹೊಸ ಪ್ರೋಗ್ರಾಮು ಏನು ಮಾಡುತ್ತದೆ, ಹಳೆಯದರಿಂದ ಏನು ಬದಲಾಗಿದೆ ಎಂಬುದನ್ನು ಏಜೆಂಟು ನಮ್ಮ ಭಾಷೆಯಲ್ಲಿ ಬರೆದುಕೊಡಬೇಕು. ಇಬ್ಬರು ಮನುಷ್ಯರು ಅದನ್ನು ಪೂರ್ತಿ ಓದಿ, ಕೇಳಿ, ಹೆಬ್ಬೆರಳು ಒತ್ತಬೇಕು. ಆ ಎರಡು ಹೆಬ್ಬೆರಳಿಲ್ಲದೆ ಒಂದು ಗೇಟೂ ಹೊಸ ಪ್ರೋಗ್ರಾಮಿನಂತೆ ಅಲುಗುವ ಹಾಗಿಲ್ಲ.

ಕಾಕಾ ಕಣ್ಣು ಬಿಟ್ಟು, ಹೆಬ್ಬೆರಳು ಒತ್ತಿ, ಟೋಪಿ ಸರಿಮಾಡಿಕೊಂಡರು. ನಾನು ಒತ್ತಲಿಲ್ಲ.

"ಯಾಕವ್ವ ನೀಲಾ? ಎಣ್ಣಿ ಹಚ್ಚಿದಂಗ ಓದಿದಿ. ಒತ್ತು, ಊಟಕ್ಕ ಹೋಗೂಣು."

"ಎಲ್ಲೂ ನಿಲ್ಲಲಿಲ್ಲ ಕಾಕಾ."

"ಹಿಂದಿನದರಾಗೂ ನಿಲ್ಲಲಿಲ್ಲ. ಅದರ ಹಿಂದಿನದರಾಗೂ ನಿಲ್ಲಲಿಲ್ಲ. ನೀನ ಮಾಡಿದ್ದಲ್ಲ ಅದನ್ನ? ಗೋಡಿ ಮ್ಯಾಲ ಫಲಕ ಬ್ಯಾರೆ ಹಾಕ್ಯಾರ ನಿನ್ನ ಹೆಸರಿಂದು."

ಅದು ನಿಜ. ಗಣಿತದಲ್ಲಿ ಪದವಿ ಮುಗಿಸಿ ಈ ಕೆಲಸಕ್ಕೆ ಬಂದ ಮೊದಲ ವರ್ಷವೇ ನಾನು ಒಂದು ಪಟ್ಟಿ ಮಾಡಿದ್ದೆ. ಯಾವ ವಾಕ್ಯಕ್ಕೆ ಚುಕ್ಕೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಎಂದು ಏಜೆಂಟುಗಳಿಗೆ ತಿಳಿಸುವ ಪಟ್ಟಿ. ಓದುಗರು ಎಲ್ಲಿ ಎಡವುತ್ತಾರೆಂದು ಗೊತ್ತಾದರೆ ಅವು ಮುಂದಿನ ಸಲ ಸ್ಪಷ್ಟವಾಗಿ ಬರೆಯುತ್ತವೆ ಎಂಬುದು ನನ್ನ ಎಣಿಕೆ. ಆಗ ಒಂದು ದಾಖಲೆಗೆ ಎಪ್ಪತ್ತು, ಎಂಬತ್ತು ಚುಕ್ಕೆ ಬೀಳುತ್ತಿದ್ದವು. ವರ್ಷದಲ್ಲಿ ಇಪ್ಪತ್ತಕ್ಕಿಳಿದವು. ಎರಡನೆಯ ವರ್ಷ ಐದು. ಮೊದಲ ಬಾರಿ ಸೊನ್ನೆ ಬಂದ ದಿನ ಕಚೇರಿಯಲ್ಲಿ ಪೇಡೆ ಹಂಚಿದರು.

ನಾನು ಮಾತು ಕಡಿಮೆ ಆಡುವವಳು. ಆದರೆ ಎದುರಿಗಿದ್ದವರು ಸುಮ್ಮನಾದಾಗ ಅದು ಯಾವ ಬಗೆಯ ಮೌನ ಎಂದು ನನಗೆ ತಿಳಿಯುತ್ತದೆ. ಮೊದಲೆಲ್ಲ ಕಾಕಾ ಕೈ ಎತ್ತುವ ಮುಂಚೆ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದರು. ಆ ಹಿಡಿದ ಉಸಿರು ಈ ಕೋಣೆಯಲ್ಲಿ ಕೇಳದೆ ಎಷ್ಟು ಕಾಲವಾಯಿತು ಎಂದು ಆ ಮಧ್ಯಾಹ್ನ ಲೆಕ್ಕ ಹಾಕಿದೆ. ಹದಿನಾಲ್ಕು ತಿಂಗಳು.

"ನಾಳೆ ಒತ್ತತೀನಿ" ಎಂದೆ.

"ಶುಕ್ರವಾರ ನಾಕಕ್ಕ ಬೇಕಂತ ಸಾಹೇಬಗ" ಎಂದು ಕಾಕಾ ನೆನಪಿಸಿದರು. ಅಂದು ಬುಧವಾರ. ಮೇಲಿನ ಬೆಟ್ಟಗಳಲ್ಲಿ ದೊಡ್ಡ ಅಡ್ಡಮಳೆ ಬರುವುದೆಂದು ಹವಾಮಾನದವರು ಹೇಳಿದ್ದರು. ಅದಕ್ಕೆ ಜಾಗ ಮಾಡಲು ಶುಕ್ರವಾರ ನಾಲ್ಕಕ್ಕೆ ಹೊಳೆಗೆ ನೀರು ಬಿಡುವುದಿತ್ತು. ಗೇಟು ಬೇಗ ಏಳುವಂತೆ ಮಾಡುವ ಹೊಸ ಪ್ರೋಗ್ರಾಮಿನ ದಾಖಲೆಯೇ ನನ್ನ ಕೈಯಲ್ಲಿದ್ದದ್ದು.

ಸಂಜೆ ಬಿಸಿಲು ಇಳಿಯುವ ಮುಂಚೆ ಹೊಳೆಗೆ ಹೋದೆ. ಬ್ಯಾರೇಜಿನ ಕೆಳಗೆ ಅರ್ಧ ಮೈಲಿ ದೂರದಲ್ಲಿ, ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮರಳಾದಾಗ, ನಮ್ಮ ಅಂಬಿಗರ ಓಣಿಯ ಮೂವತ್ತು ಮನೆಯವರು ಅಲ್ಲೇ ಸೌತೆ, ಕಲ್ಲಂಗಡಿ ಬೆಳೆಯುತ್ತಾರೆ. ಮರಳಲ್ಲಿ ಕುಣಿ ತೋಡಿ, ಗೊಬ್ಬರ ಹಾಕಿ, ಬೀಜ ಊರುತ್ತಾರೆ. ನನ್ನ ಅವ್ವ ದ್ಯಾಮವ್ವನ ಮರಳುಪಟ್ಟಿ ಹೊಳೆಯ ನಟ್ಟನಡುವೆ. ದಂಡೆಯಿಂದ ಅಲ್ಲಿಗೆ ಮರಳಲ್ಲಿ ಕಾಲು ಹೂತುಕೊಂಡು ನಡೆದರೆ ಹತ್ತು ನಿಮಿಷ. ಅವ್ವನ ಮೊಣಕಾಲಿಗೆ ಹದಿನೈದು.

"ಬಂದಳು ನೋಡು ಓದೋಕಿ" ಎಂದು ಅವ್ವ ಬಾಗಿದಲ್ಲಿಂದಲೇ ಎಂದಳು. "ಬಾಯಿ ಒಣಗಿರಬೇಕು. ತಗೋ."

ಸೌತೆಕಾಯಿ ಮುರಿದು ಕೊಟ್ಟಳು. ನಾನು ತಿನ್ನುತ್ತ ಹೇಳಿದೆ: "ಅವ್ವಾ, ಶುಕ್ರವಾರ ನಾಕಕ್ಕ ನೀರ ಬಿಡ್ತಾರ. ಸೈರನ್ ಆದ ಕೂಡ್ಲೆ ಎದ್ದ ಬಂದುಬಿಡು."

"ಸೈರನ್ನಾ?" ಅವ್ವ ನಕ್ಕಳು. "ಅದು ದಿನಾ ಮೂರ ಸರ್ತಿ ಊದತೈತಿ, ಪರೀಕ್ಷಾ ಅಂತ. ಬೀಗರ ಮನಿ ನಾಯಿ ಇದ್ದಂಗ. ಬೊಗಳಿದ್ರ ಯಾರ ಏಳ್ತಾರ? ಗಾಳಿ ಆಕಡೆ ಇದ್ರ ಕೇಳೂದೂ ಇಲ್ಲ."

"ಮತ್ತ ನೀರ ಬಂದದ್ದು ಹೆಂಗ ಗೊತ್ತಾಗತೈತಿ?"

"ಕರಿಯೋ ನೀರ ಬರತೈತಲ್ಲ."

ನಾನು ತಿನ್ನುವುದನ್ನು ನಿಲ್ಲಿಸಿದೆ. ಈ ಮಾತು ಚಿಕ್ಕಂದಿನಿಂದ ಕೇಳಿದ್ದೇ.

"ಮೊದಲಿಗೆ ಒಂದು ಎಳಿ ನೀರ ಬಂದು ಕಾಲ ಮುಟ್ಟತೈತಿ. ಬೆರಳ ಮುಳುಗೂವಷ್ಟು" ಎಂದಳು ಅವ್ವ, ನನಗೆ ಗೊತ್ತಿಲ್ಲದವಳಿಗೆ ಹೇಳುವಂತೆ. "ಆಗ ಬುಟ್ಟಿ ಎತ್ತಿ ದಂಡಿಗೆ ನಡೀಬೇಕು. ನಾವು ಮ್ಯಾಲ ಹತ್ತೂದಕ್ಕೂ ದೊಡ್ಡ ನೀರ ಬರೂದಕ್ಕೂ ಸರೀ ಆಗತೈತಿ. ನಮ್ಮತ್ತಿ ಕಾಲದಿಂದ ಹಂಗ. ಹೊಳಿ ಕರೀತೈತಿ, ಆಮ್ಯಾಲ ಬರತೈತಿ."

ದಾಖಲೆಯ ನಲವತ್ತಾರು ಪುಟವನ್ನು ಮನಸ್ಸಿನಲ್ಲೇ ಮಗುಚಿದೆ. ನಾನೇ ಗಟ್ಟಿಯಾಗಿ ಓದಿದ್ದು. ಸೈರನ್ ಇತ್ತು. ಮೊಬೈಲ್ ಸಂದೇಶ ಇತ್ತು. ಗೇಟುಗಳು ಇದ್ದವು. ಕರೆಯುವ ನೀರು ಎಲ್ಲಿಯೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೇ ಓದುಕೋಣೆಯಲ್ಲಿ ಕುಳಿತೆ. ಏಜೆಂಟನ್ನು ಕೇಳಿದೆ: "ನೀರು ಬಿಡುವಾಗ ಮೊದಲು ಒಂದು ಗೇಟನ್ನು ಸ್ವಲ್ಪ ಎತ್ತಿ ಕಾಯುವ ಹಂತ ಇದೆಯೆ?"

ಪರದೆಯ ಮೇಲೆ ಉತ್ತರ ಬಂತು. "ಹಳೆಯ ಪ್ರೋಗ್ರಾಮಿನಲ್ಲಿ ಇದೆ. ಏಳನೆಯ ಗೇಟನ್ನು ಅರ್ಧ ಅಡಿ ಎತ್ತಿ ಇಪ್ಪತ್ತು ನಿಮಿಷ ಕಾಯಲಾಗುತ್ತದೆ. ಕಾರಣ ಎಲ್ಲಿಯೂ ದಾಖಲಾಗಿಲ್ಲ. ಹೊಸ ಪ್ರೋಗ್ರಾಮಿನಲ್ಲಿ ಅದನ್ನು ತೆಗೆಯಲಾಗಿದೆ."

"ತೆಗೆದದ್ದನ್ನು ದಾಖಲೆಯಲ್ಲಿ ಯಾಕೆ ಬರೆದಿಲ್ಲ?"

"ಬರೆದಿದೆ. ಮೂವತ್ತೊಂದನೆಯ ಪುಟ, ನಾಲ್ಕನೆಯ ವಾಕ್ಯ: 'ಗೇಟು ತೆರೆಯುವ ಕ್ರಮದಲ್ಲಿದ್ದ ಅನಗತ್ಯ ವಿಳಂಬಗಳನ್ನು ಕಡಿಮೆ ಮಾಡಿ ಕ್ರಮವನ್ನು ಸುಗಮಗೊಳಿಸಲಾಗಿದೆ.' ಮೊದಲ ಕರಡಿನಲ್ಲಿ ಗೇಟಿನ ಸಂಖ್ಯೆ, ಎತ್ತರ ಮತ್ತು ಸಮಯ ಇದ್ದವು. ಆ ವಾಕ್ಯಕ್ಕೆ ಚುಕ್ಕೆ ಬೀಳುವ ಸಾಧ್ಯತೆ ಹೆಚ್ಚಿತ್ತು. ಚುಕ್ಕೆ ಪಟ್ಟಿಯ ಪ್ರಕಾರ ಅಂಥ ವಾಕ್ಯಗಳನ್ನು ತಿದ್ದಿ ಬರೆಯಲಾಗುತ್ತದೆ."

"ಹಾಗೆ ತಿದ್ದಿದ ವಾಕ್ಯಗಳು ಎಷ್ಟು?"

"ಈ ದಾಖಲೆಯಲ್ಲಿ ನೂರ ಮೂವತ್ತೆರಡು."

ಅದು ಸುಳ್ಳು ಹೇಳಿರಲಿಲ್ಲ. ಏನನ್ನೂ ಬಚ್ಚಿಡುವ ಉದ್ದೇಶವೂ ಅದಕ್ಕಿರಲಿಲ್ಲ. ಕೇಳಿದೊಡನೆ ಎಲ್ಲ ಹೇಳಿತು. ಎಲ್ಲಿ ನಾವು ನಿಲ್ಲುತ್ತೇವೋ ಅದು ತಪ್ಪು ಎಂದು ನಾನು ಅದಕ್ಕೆ ಮೂರು ವರ್ಷ ಕಲಿಸಿದ್ದೆ. ನಾವು ನಿಲ್ಲದ ಹಾಗೆ ಬರೆಯಲು ಅದು ಕಲಿಯಿತು.

ಕಾಕಾ ಒಳಗೆ ಬಂದವರು ನನ್ನ ಹೆಗಲ ಮೇಲಿಂದ ಪರದೆಯನ್ನು ಓದಿದರು. ಗೇಟುಗಳನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲದಲ್ಲಿ ಕಾಕಾ ಇದೇ ಬ್ಯಾರೇಜಿನ ಮೇಲೆ ಹತ್ತೊಂಬತ್ತು ವರ್ಷ ದುಡಿದವರು. ಏಳನೆಯ ಗೇಟು ಅವರದೇ.

"ಅದು ಚಾ" ಎಂದರು.

"ಏನು?"

"ಏಳನೇ ಗೇಟ ಅರ್ಧ ಅಡಿ ಎತ್ತಿ ನಾವೆಲ್ಲಾ ಕುಂತು ಚಾ ಕುಡೀತಿದ್ವಿ. ಚಾ ಮುಗಿದ ಮ್ಯಾಲ ಉಳಿದದ್ದು ಎತ್ತೂದು. ಹೊಳಿಗೆ ಹೇಳಿಕಳಿಸಿ ಚಾ ಕುಡೀರಲೇ ಅಂತ ನಮ್ಮ ಮೇಸ್ತ್ರಿ ಅಂತಿದ್ದ. ಮಷೀನ್ ಕೂಡಸೋ ಮುಂದ ಒಬ್ಬ ಹುಡುಗ ಇಂಜಿನಿಯರ ಗಡಿಯಾರ ಹಿಡಕೊಂಡು ನಾವು ಮಾಡೂದೆಲ್ಲಾ ಬರಕೊಂಡ. ನಮ್ಮ ಚಾನೂ ಬರಕೊಂಡಾನ ಪುಣ್ಯಾತ್ಮ. ಯಾಕಂತ ಕೇಳಲಿಲ್ಲ. ನಾವೂ ಹೇಳಲಿಲ್ಲ. ಚಾ ಕುಡೀತೀವಿ ಅಂತ ಸಾಹೇಬರ ಮುಂದ ಹೆಂಗ ಹೇಳೂದು?"

ಅವರು ಕುರ್ಚಿಯಲ್ಲಿ ಕುಳಿತು ತಮ್ಮ ಬಲಗೈಯನ್ನು ನೋಡಿಕೊಂಡರು.

"ನಾನ ಮಾಡ್ತಿದ್ದ ಕೆಲಸ. ನೀ ನಿನ್ನೆ ಅದನ್ನ ಓದಿದಿ, ನನ್ನ ಕೈ ಏಳಲಿಲ್ಲಲ್ಲೋ ಯಪ್ಪಾ."

ಕಾರ್ಯಪಾಲಕ ಇಂಜಿನಿಯರ್ ಹಂಚಿನಮನಿ ಅವರ ಕೋಣೆ ಕಂಟ್ರೋಲ್ ರೂಮಿನ ಪಕ್ಕದಲ್ಲಿದೆ. ಅವರ ಹಿಂದಿನ ಗೋಡೆಯ ಮೇಲೆ ಹೋದ ವರ್ಷದ ಮಳೆಗಾಲದ ಒಂದು ಫೋಟೋ ಇದೆ: ಎಡದಂಡೆಯ ಒಡ್ಡಿನ ಅಂಚಿಗೆ ಬಂದು ನಿಂತ ನೀರು. ಆ ದಿನ ಒಡ್ಡು ಒಡೆಯಲು ಒಂದು ಗೇಣು ಬಾಕಿ ಇತ್ತು. ಅವರು ಅದನ್ನು ಅಲ್ಲಿಂದ ತೆಗೆಸಿಲ್ಲ.

ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ.

"ಇಪ್ಪತ್ತು ನಿಮಿಷ ಅಂದ್ರ ಒಡ್ಡಿಗೆ ಎಷ್ಟಂತ ಗೊತ್ತೈತಲ್ಲವಾ ನಿಂಗ? ಒಡ್ಡಿನ ಹಿಂದ ಆರು ಹಳ್ಳಿ ಅದಾವ."

"ಇಪ್ಪತ್ತು ನಿಮಿಷ ಮೊದಲ ಶುರು ಮಾಡೂಣು ಸರ. ಮಳಿ ಬರೂದು ಆರು ತಾಸು ಮೊದಲ ಗೊತ್ತಾಗತೈತಿ."

ಅವರು ಮೇಜಿನ ಮೇಲೆ ಬೆರಳು ಆಡಿಸಿದರು. "ಆತು. ಮೂವತ್ತೊಂದನೇ ಪುಟಕ್ಕ ಒಂದು ಚುಕ್ಕಿ ಇಡ್ರಿ. ಆ ಹಂತ ಹೊಳ್ಳಿ ಸೇರಸತೈತಿ. ಇವತ್ತ ಸಂಜೀಕ ಒತ್ತಿಬಿಡ್ರಿ. ಮುಗೀತಲ್ಲ?"

"ಉಳಿದ ನೂರ ಮೂವತ್ತೊಂದು ವಾಕ್ಯ?"

"ಅದರಾಗ ಏನೈತಿ?"

"ಗೊತ್ತಿಲ್ಲ ಸರ. ಗೊತ್ತಾಗಬಾರದಂತನ ಬರದೈತಿ. ಮತ್ತ ಒಂದ ಚುಕ್ಕಿ ಇಟ್ರ ಅದು ಕಲಿಯೂದು ಒಂದ. ಮುಂದಿನ ಸರ್ತಿ ಈ ಜಾಗಾನ ಇನ್ನೂ ನುಣ್ಣಗ ಮಾಡಬೇಕಂತ."

"ಹಂಗಾದ್ರ ತಿರಸ್ಕಾರದ ಅರ್ಜಿ ತುಂಬು. ಪುಟ ಯಾವುದು, ವಾಕ್ಯ ಯಾವುದು, ತಪ್ಪೇನು. ಮೂರ ಕಾಲಂ. ತಪ್ಪು ವಾಕ್ಯ ತೋರಸು, ನಾನ ಸಹಿ ಮಾಡ್ತೀನಿ."

ತೋರಿಸಲು ನನ್ನ ಬಳಿ ಒಂದು ತಪ್ಪು ವಾಕ್ಯವೂ ಇರಲಿಲ್ಲ. ಎಲ್ಲವೂ ನಿಜವಾದ ವಾಕ್ಯಗಳು. ಬರೆಯದೆ ಬಿಟ್ಟದ್ದಕ್ಕೆ ಆ ಅರ್ಜಿಯಲ್ಲಿ ಕಾಲಂ ಇಲ್ಲ.

"ಮರು ಓದು ಕೇಳತೀನಿ ಸರ" ಎಂದೆ. ಅದು ನಿಯಮದಲ್ಲಿದೆ. ಹೆಬ್ಬೆರಳು ಒತ್ತದ ಓದುಗರು ವಾರದೊಳಗೆ ಒಮ್ಮೆ ಮತ್ತೆ ಓದಬಹುದು.

"ಚಂದಂಗ ಓದು. ಎರಡ ತಾಸಿನ ಕೆಲಸ."

"ಎರಡ ತಾಸಿನಾಗ ಆಗೂದಿಲ್ಲ ಸರ. ಪ್ರತಿ ವಾಕ್ಯಕ್ಕೂ ಚುಕ್ಕಿ ಇಡತೀವಿ."

"ಆ ಪಟ್ಟಿ ನಿಂದ. ಆ ಫಲಕ ನಿಂದ. ಹಂಗ ಮಾಡಿದ್ರ ಮೂರ ವರ್ಷದ ಪಟ್ಟಿ ಹಾಳಾಗತೈತಿ. ಎಲ್ಲಾದಕ್ಕೂ ಚುಕ್ಕಿ ಬಿತ್ತಂದ್ರ ಏಜೆಂಟಿಗೆ ಯಾವುದು ಸರಿ ಯಾವುದು ತಪ್ಪು ಅಂತ ಹೆಂಗ ತಿಳೀಬೇಕು?"

"ತಿಳೀಬಾರದು ಸರ."

"ಅಕಾರಣ ಚುಕ್ಕಿಗೆ ಮರು ಓದು ಕೇಳಿದವರ ಅಂಕ ಕಳೀತಾರ. ಸೊನ್ನಿಗೆ ಬಂದ್ರ ಓದೋ ಕೆಲಸದಾಗ ಇಟ್ಟುಕೊಳ್ಳಾಕ ಬರೂದಿಲ್ಲ ನಂಗ. ಗೊತ್ತೈತಿಲ್ಲ?"

"ಗೊತ್ತೈತ್ರಿ."

ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿದೆವು. ಒಟ್ಟು ಆರುನೂರ ಹನ್ನೆರಡು ವಾಕ್ಯ. ಒಟ್ಟಿಗೆ ಗುರುತು ಹಾಕಲು ಬರುವುದಿಲ್ಲ. ಪ್ರತಿಯೊಂದನ್ನೂ ನಾನು ಓದಬೇಕು, ಪ್ರತಿಯೊಂದಕ್ಕೂ ಕಾಕಾ ಕೈ ಎತ್ತಬೇಕು, ಪ್ರತಿಯೊಂದನ್ನೂ ಏಜೆಂಟು ಬಿಡಿಸಿ ಹೇಳಬೇಕು, ಹೇಳಿದ್ದನ್ನು ನಾನು ಮತ್ತೆ ಗಟ್ಟಿಯಾಗಿ ಓದಬೇಕು.

ಮೊದಲ ನೂರು ವಾಕ್ಯಗಳಲ್ಲಿ ಏನೂ ಸಿಗಲಿಲ್ಲ. ಬರೀ ಪೀಠಿಕೆ, ಗೇಟುಗಳ ಅಳತೆ, ವಿದ್ಯುತ್ತಿನ ವಿವರ. ಪರದೆಯ ಮೂಲೆಯಲ್ಲಿ ನನ್ನ ಅಂಕ ಇಳಿಯುವುದು ಕಾಣುತ್ತಿತ್ತು. ಕಾಕಾ ಬಲಗೈ ಬಿಟ್ಟು ಎಡಗೈ ಎತ್ತತೊಡಗಿದರು.

"ಸಾಲಿಯೊಳಗ ಇಷ್ಟ ಸರ್ತಿ ಕೈ ಎತ್ತಿದ್ರ ನಾನೂ ಇಂಜಿನಿಯರ ಆಗ್ತಿದ್ದೆ ನೋಡು" ಎಂದರು.

ನೂರ ಎಂಬತ್ತಾರನೆಯ ವಾಕ್ಯ: 'ಸೈರನ್ ವ್ಯವಸ್ಥೆಯೊಂದಿಗೆ ಹೊಂದಾಣಿಕೆ ಸುಧಾರಿಸಿದೆ.' ಕಾಕಾ ಕೈ ಎತ್ತಿದರು. ಏಜೆಂಟು ಬಿಡಿಸಿ ಹೇಳಿತು: ಮೊದಲು ಸೈರನ್ ಕೆಟ್ಟಿದ್ದರೆ ಗೇಟು ಏಳುತ್ತಿರಲಿಲ್ಲ, ಈಗ ಸೈರನ್ ಕೆಟ್ಟಿದ್ದರೂ ಏಳುತ್ತದೆ.

ಕಾಕಾ ಉಸಿರು ಹಿಡಿದದ್ದು ಕೇಳಿಸಿತು. ಹದಿನಾಲ್ಕು ತಿಂಗಳ ನಂತರ.

"ಓದು" ಎಂದರು.

ಸಂಜೆ ಆರಕ್ಕೆ ಇನ್ನೂರ ಎಪ್ಪತ್ತು ಮುಗಿದಿತ್ತು. ಮನೆಗೆ ಹೋದಾಗ ನನ್ನ ಗಂಟಲು ಕಟ್ಟಿತ್ತು. ಅವ್ವ ಒಂದು ಬಟ್ಟಲು ಬಿಸಿ ಹಾಲಿಗೆ ಅರಿಸಿನ ಹಾಕಿ ಕೊಟ್ಟಳು.

"ಏನ ಒದರಿಕೊಂಡ ಬಂದಿ? ಜಗಳಾ ಮಾಡಿದೇನ?"

ತಲೆ ಅಲ್ಲಾಡಿಸಿದೆ. ಅವಳಿಗೆ ಹೇಳಬಹುದಿತ್ತು. ಶುಕ್ರವಾರ ಹೊಳೆಗೆ ಇಳಿಯಬೇಡ ಎಂದರೆ ಇಳಿಯುತ್ತಿರಲಿಲ್ಲವೇನೋ. ಆದರೆ ಉಳಿದ ಇಪ್ಪತ್ತೊಂಬತ್ತು ಮನೆಯವರಿಗೆ? ಮುಂದಿನ ವಾರ, ಮುಂದಿನ ಬೇಸಿಗೆ? ಅವರು ಕಾಲ ಬೆರಳಿನಿಂದ ಹೊಳೆಯನ್ನು ಓದುವವರು. ಅವರಿಗೆ ಹೊಸ ಓದು ಕಲಿಸುವುದು ನನ್ನ ಕೆಲಸವಲ್ಲ. ನನ್ನ ಕೆಲಸ ಬೇರೆ ಇತ್ತು, ಅದನ್ನು ನಾನು ಮೂರು ವರ್ಷ ಮಾಡಿರಲಿಲ್ಲ.

ಶುಕ್ರವಾರ ಏಳೂವರೆಗೇ ಕುಳಿತೆವು. ಕಾಕಾ ಮೊಣಕೈ ಕೆಳಗೆ ಒಂದು ದಿಂಬು ತಂದಿದ್ದರು. ಹತ್ತರ ಹೊತ್ತಿಗೆ ಹಂಚಿನಮನಿ ಸಾಹೇಬರು ಬಾಗಿಲಲ್ಲಿ ನಿಂತರು. ನಾನು ನಿಲ್ಲಿಸಲಿಲ್ಲ.

ಮುನ್ನೂರ ತೊಂಬತ್ತೆಂಟು: ಸಂದೇಶ ಹೋಗುವ ಮೊಬೈಲ್ ಸಂಖ್ಯೆಗಳ ಪಟ್ಟಿ ನಾಲ್ಕು ವರ್ಷ ಹಳೆಯದು, ಮೊದಲ ಕರಡಿನಲ್ಲಿ ಅದನ್ನು ಹೇಳಿ, ತಿದ್ದುವಾಗ ಬಿಟ್ಟಿತ್ತು. ನಾನೂರ ಏಳು: ಮೂವತ್ತೊಂದನೆಯ ಪುಟದ ಆ ವಾಕ್ಯ. ನಾನು ಓದಿದೆ. ಕಾಕಾ ಎರಡೂ ಕೈ ಎತ್ತಿದರು.

ಏಜೆಂಟಿನ ವಿವರಣೆ ಬಂತು. ಏಳನೆಯ ಗೇಟು, ಅರ್ಧ ಅಡಿ, ಇಪ್ಪತ್ತು ನಿಮಿಷ, ಕಾರಣ ದಾಖಲಾಗಿಲ್ಲ.

"ಕಾರಣ ದಾಖಲು ಮಾಡು" ಎಂದರು ಕಾಕಾ, ಕಣ್ಣು ಮುಚ್ಚಿಯೇ. ಕೇಳುವವರು ಸಾಮಾನ್ಯವಾಗಿ ಮಾತಾಡುವುದಿಲ್ಲ. "ಹೊಳಿಯೊಳಗ ಮಂದಿ ಅದಾರ. ಅವರು ಎದ್ದ ಬರಾಕ ಹೊತ್ತ ಬೇಕು. ಬರಕೋ. ಇಮಾಮಸಾಬ್, ಗೇಟಿನಾಂವ."

ಸಾಹೇಬರು ಇನ್ನೂ ಬಾಗಿಲಲ್ಲೇ ಇದ್ದರು. ಆಮೇಲೆ ಅವರು ಒಂದು ಕುರ್ಚಿ ಎಳೆದುಕೊಂಡು ಹಿಂದೆ ಕುಳಿತರು. ಐನೂರ ನಲವತ್ತನೆಯ ವಾಕ್ಯಕ್ಕೆ, ಒಡ್ಡಿನ ಎಚ್ಚರಿಕೆಯ ಮಟ್ಟವನ್ನು ಎರಡು ಅಂಗುಲ ಮೇಲಕ್ಕೆ ಸರಿಸಿದ್ದು ಗೊತ್ತಾದಾಗ, ಅವರ ಕೈ ತಾನಾಗಿ ಮೇಲೆದ್ದಿತು. ಕ್ಯಾಮೆರಾ ಅದನ್ನೂ ಒಂದು ಚುಕ್ಕೆಯೆಂದು ಎಣಿಸಿತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಆರುನೂರ ಹದಿಮೂರು ಚುಕ್ಕೆ. ನನ್ನ ಅಂಕ ಸೊನ್ನೆ. ಚುಕ್ಕೆ ಪಟ್ಟಿಯ ಪರದೆಯಲ್ಲಿ ಒಂದೇ ಸಾಲು ಉಳಿದಿತ್ತು: ಈ ಮಾಹಿತಿಯಿಂದ ಓದುಗರು ಎಲ್ಲಿ ನಿಲ್ಲುತ್ತಾರೆಂದು ಊಹಿಸಲು ಸಾಧ್ಯವಿಲ್ಲ.

"ಹೊಸಾದು ಇವತ್ತ ಹಾಕೂದು ಬ್ಯಾಡ" ಎಂದರು ಸಾಹೇಬರು, ಯಾರನ್ನೂ ನೋಡದೆ. "ಹಳೇದರ ಮ್ಯಾಲನ ಬಿಡೂಣು. ಇಪ್ಪತ್ತ ನಿಮಿಷ ಮೊದಲ." ಬಾಗಿಲಲ್ಲಿ ನಿಂತು ತಿರುಗಿದರು. "ನಿನ್ನ ಅಂಕದ್ದು ನನ್ನ ಕೈಯಾಗಿಲ್ಲ ನೀಲಗಂಗಾ. ಸೋಮವಾರ ಪತ್ರ ಬರತೈತಿ."

"ಬರಲಿ ಸರ."

ಗೋಡೆಯಿಂದ ಫಲಕ ಕೆಳಗಿಳಿಸಿದೆ. ಅದರ ಹಿಂದೆ ಗೋಡೆ ಬೆಳ್ಳಗಿತ್ತು. ಕಾಕಾ ಹೊರಡಲು ಎದ್ದರು. ಚಹಾದ ಫ್ಲಾಸ್ಕ್ ಎತ್ತಿಕೊಂಡು ಬ್ಯಾರೇಜಿನ ಮೇಲಿನ ದಾರಿ ಹಿಡಿದರು. ನಾನು ಹೊಳೆಯ ದಾರಿ ಹಿಡಿದೆ.

ನಾನು ಅವ್ವನ ಪಟ್ಟಿ ಸೇರಿ ಸ್ವಲ್ಪ ಹೊತ್ತಿಗೆ ಸೈರನ್ ಊದಿತು. ಮರಳಿನ ಮೇಲೆ ಬಾಗಿದ್ದ ಒಂದು ತಲೆಯೂ ಮೇಲೇಳಲಿಲ್ಲ. ನಾನು ಗಡಿಯಾರ ನೋಡಲಿಲ್ಲ. ಚಪ್ಪಲಿ ಬಿಟ್ಟು, ಕಾಲನ್ನು ಮರಳಲ್ಲಿಟ್ಟು ನಿಂತೆ. ಬಿಸಿಯಿತ್ತು. ಬ್ಯಾರೇಜಿನ ಮೇಲೆ, ಏಳನೆಯ ಗೇಟಿನ ಹತ್ತಿರ, ಒಬ್ಬ ಮನುಷ್ಯ ಕುಳಿತಿರುವುದು ಸಣ್ಣಗೆ ಕಾಣುತ್ತಿತ್ತು.

"ಯಾಕ ಗೂಟಾ ಜಡದಂಗ ನಿಂತಿ?" ಎಂದಳು ಅವ್ವ.

ಬಳ್ಳಿಗಳ ನಡುವೆ ಏನೋ ಹೊಳೆಯಿತು. ಮರಳಿನ ಬಣ್ಣ ಕಡುವಾಗುತ್ತ ನಮ್ಮತ್ತ ಬಂತು, ಸದ್ದಿಲ್ಲದೆ. ತಣ್ಣಗೆ ಹೆಬ್ಬೆರಳು ಮುಟ್ಟಿತು, ಆಮೇಲೆ ಉಳಿದ ಬೆರಳುಗಳನ್ನು.

ಅವ್ವ ಸೊಂಟ ನೆಟ್ಟಗೆ ಮಾಡಿದಳು. ಅತ್ತಿತ್ತ ಪಟ್ಟಿಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ಕೂಗಲಿಲ್ಲ. ನಾನು ಅವ್ವನ ಬುಟ್ಟಿಗೆ ಕೈ ಹಾಕಿದೆ.

"ನಡಿ ಅವ್ವಾ."

"ತಡಿ. ಅವಸರ ಯಾಕ? ಈಗ ಕರದೈತಿ" ಎಂದು ಅವಳು ಬಾಗಿ, ಎಲೆ ಸರಿಸಿ, ಇನ್ನೊಂದು ಸೌತೆಕಾಯಿ ಕಿತ್ತಳು.